ಬಲಗಡೆಯ ಹೂವಿಗೆ ಹಚ್ಚಿದ ಗಂಧ

ಅಕ್ಕೋರೇ, ಆರು ವರ್ಷದ ಹಿಂದೆ ನಿಮಗೆ ಬೇಡ ಅಂದದ್ದು ಬಸವಣ್ಣ ಅಲ್ಲ. ನಾನು. ಬಲಗಡೆಯ ಹೂವನ್ನು ಗಂಧ ಹಚ್ಚಿ ಒತ್ತಿ ಕೂಡಿಸಿದ್ದೆ, ಎಡಗಡೆಯದಕ್ಕೆ ಬರೀ ನೀರು ಮುಟ್ಟಿಸಿದ್ದೆ. ಎಡಗಡೆಯದು ಬಿದ್ದಿತು. ಬೀಳಲೇಬೇಕಿತ್ತು, ಬೀಳುವ ಹಾಗೇ ಇಟ್ಟಿದ್ದೆ.

ಇಷ್ಟು ಬರೆಯಲು ನನಗೆ ಮೂರು ಹಾಳೆ ಹಿಡಿದವು. ಮೊದಲಿನ ಎರಡು ಹರಿದು ಒಲೆಗೆ ಹಾಕಿದೆ, ಅವುಗಳಲ್ಲಿ ನೆಪವೇ ತುಂಬಿತ್ತು. ಬಾಯಿಂದ ಹೇಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಹೇಳಲಾಗದು ಅಕ್ಕೋರೇ. ನನ್ನ ನಾಲಿಗೆ ನಿಮಗೆ ಗೊತ್ತೇ ಇದೆ — ಮಳೆ, ಬೆಳೆ, ಬೈಲಹೊಂಗಲದ ಬಸ್ಸು, ಎಲ್ಲಾ ಸುತ್ತಿ ಬಂದು ಕೊನೆಗೆ ಮುಖ್ಯ ಮಾತಿನ ಹತ್ತಿರ ಬಂದಾಗ ಚಾ ತರಲು ಎದ್ದು ಹೋಗುತ್ತದೆ. ಅದಕ್ಕೇ ಶನಿವಾರ ಮಧ್ಯಾಹ್ನ ಗುಡಿಯ ಬಾಗಿಲು ಎಳೆದುಕೊಂಡು, ಮಗಳು ಸವಿತಾಳ ಹಳೇ ಗಣಿತದ ವಹಿಯಲ್ಲಿ ಉಳಿದ ಖಾಲಿ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ಬೇರೆ ಕಾಗದ ಮನೆಯಲ್ಲಿ ಸಿಗಲಿಲ್ಲ.

ನಮ್ಮೂರ ಪದ್ಧತಿ ನಿಮಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆದಾಗಲೇ ನಾನು ಏನು ಮಾಡಿದೆ ಅನ್ನೋದು ನನ್ನ ಕಣ್ಣಿಗೆ ಬೀಳುತ್ತದೆ. ಬೋರು ಹಾಕಿಸುವವರು, ಹೆಣ್ಣು ಕೊಡುವವರು, ಊರು ಬಿಡುವವರು — ಯಾರೇ ಆಗಲಿ, ಮೊದಲು ಬಸವಣ್ಣನಿಗೆ ಹೂವು ಏರಿಸಿ ಕೇಳುತ್ತಾರೆ. ಎರಡು ಹೂವು ನೀರಿನಲ್ಲಿ ಅದ್ದಿ, ಒಂದನ್ನು ದೇವರ ಬಲಗಡೆ, ಒಂದನ್ನು ಎಡಗಡೆ ಅಂಟಿಸಬೇಕು. ಬಲಗಡೆಯದು ಮೊದಲು ಬಿದ್ದರೆ ಮಾಡಿರಿ ಅಂದ ಹಾಗೆ. ಎಡಗಡೆಯದು ಬಿದ್ದರೆ ಬೇಡ. ನಮ್ಮಪ್ಪ ನನಗೆ ಪೂಜೆ ಕಲಿಸುವಾಗ ಮಂತ್ರಕ್ಕಿಂತ ಮೊದಲು ಇದನ್ನು ಕಲಿಸಿದ. ಎರಡೂ ಹೂವು ಒಂದೇ ತೂಕದವು ಇರಬೇಕು, ಒಂದೇ ಬೆರಳಿನಿಂದ ಏರಿಸಬೇಕು, ಏರಿಸಿ ಹಿಂದಕ್ಕೆ ಸರಿಯಬೇಕು. 'ಆಮ್ಯಾಲೆ ಅದು ನಿಂದಲ್ಲ' ಅಂತಿದ್ದ.

ನೀವು ದೇವರ ಮೇಲೆ ಭಾರ ಹಾಕಿ ಕೂತವರಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಊರ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಜೂನದಲ್ಲಿ ಕರೆದು ಮಾರ್ಚಿಯಲ್ಲಿ ಕಳಿಸೋದು. ಒಂಬತ್ತು ಸಲ ಕರೆದು ಒಂಬತ್ತು ಸಲ ಕಳಿಸಿದರು. ಪ್ರತಿ ಐತವಾರ ನೀವು ಗುಡಿಯ ಕಟ್ಟೆಗೆ ಬರುತ್ತಿದ್ದಿರಿ, ಭಕ್ತಿಗಲ್ಲ, ಊರಿನಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗೋದು ಅಲ್ಲಿ ಒಂದೇ ಕಡೆ ಅಂತ. ಮೊದಲ ದಿನ ನಾನು ಎಷ್ಟು ಖುಷಿಪಟ್ಟಿದ್ದೆ, ಸಾಲಿ ಅಕ್ಕೋರಿಗೆ ದೇವರ ಮೇಲೆ ಎಂಥಾ ಭಾವ ಅಂತ. ನೀವು ಬೇವಿನ ನೆರಳಿನಲ್ಲಿ ಕೂತು ಫೋನಿನಲ್ಲಿ ಅರ್ಜಿ ತುಂಬುತ್ತಿದ್ದಿರಿ.

ನಿಮ್ಮ ಕಡೆ ಒಂದು ದಪ್ಪನ್ನ ವಹಿ ಇತ್ತು. ಎಡಗಡೆಯ ಹಾಳೆಯಲ್ಲಿ ಯಾವ ಕೆಲಸಕ್ಕೆ ಅರ್ಜಿ ಹಾಕಿದೆ, ಬಲಗಡೆಯಲ್ಲಿ ಯಾಕೆ ಆಗಲಿಲ್ಲ, ಏನು ಕಡಿಮೆ ಬಿತ್ತು. 'ಟ್ಯಾಲಿ ಬರೂದಿಲ್ಲ' ಅಂತ ಒಂದು ಸಲ ಬರೆದಿರಿ, ಮುಂದಿನ ಶನಿವಾರದಿಂದ ಸಾಲಿ ಬಿಟ್ಟ ಮೇಲೆ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋಗಿ, ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಆ ಟ್ಯಾಲಿ ಕಲಿತಿರಿ. ನೌಕರಿ ಸಿಗದಿದ್ದಾಗ ಅಳುವವರನ್ನು ನೋಡಿದ್ದೇನೆ, ಸಿಟ್ಟಾಗುವವರನ್ನು ನೋಡಿದ್ದೇನೆ. ಬರೆದಿಟ್ಟುಕೊಳ್ಳುವವರನ್ನು ನಿಮ್ಮೊಬ್ಬರನ್ನೇ ನೋಡಿದೆ. ಒಮ್ಮೆ ಕೇಳಿದ್ದೆ, ಬೇಸರ ಆಗೂದಿಲ್ಲೇನ್ರಿ ಅಂತ. 'ಆಕ್ಕೈತ್ರಿ ಅಯ್ಯಾರ. ಆದ್ರ ಬ್ಯಾಸರಕ್ಕ ನಾ ಶನಿವಾರ ಅಷ್ಟ ಪುರಸೊತ್ತು ಕೊಟ್ಟೇನಿ, ಬಸ್ಸಿನ್ಯಾಗ' ಅಂದಿರಿ. ನಾನು ನಕ್ಕೆ. ನೀವು ನಗಲಿಲ್ಲ.

ಆಮೇಲೆ ನನ್ನನ್ನೇ ಇಂಟರ್‌ವ್ಯೂ ತೆಗೆದುಕೊಳ್ಳುವ ಸಾಹೇಬನನ್ನಾಗಿ ಮಾಡಿದಿರಿ. ನೆನಪಿದೆಯೇ? ಮೈಮೇಲೆ ಬರೀ ಧೋತರ, ಹಣೆತುಂಬ ವಿಭೂತಿ, ಕೈಯಲ್ಲಿ ನಿಮ್ಮ ವಹಿ, ಅದರಲ್ಲಿದ್ದ ಪ್ರಶ್ನೆಗಳನ್ನು ನಾನು ಓದಬೇಕು, ನೀವು ಎದುರಿಗೆ ಕೂತು ಉತ್ತರ ಹೇಳಬೇಕು. 'ಅಯ್ಯಾರ, ಮಂತ್ರ ಹೇಳಿದಂಗ ಕೇಳಬ್ಯಾಡ್ರಿ, ಸ್ವಲ್ಪ ಜಬರ್ದಸ್ತಿಲೆ ಕೇಳ್ರಿ' ಅಂತ ನೀವು. ನಾನು ಗಂಟಲು ಸರಿಮಾಡಿಕೊಂಡು, ನಿಮ್ಮ ಬಗ್ಗೆ ಹೇಳ್ರಿ ಅಂತ ಗದರಿಸಿದೆ. ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಹೋಯಿತು.

ಆ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು — ನಿಮ್ಮ ಕೈಯಿಂದ ಆದ ಒಂದು ತಪ್ಪು ಹೇಳ್ರಿ. ಇದೆಂಥ ಪ್ರಶ್ನೆ, ಇದನ್ನು ಯಾರು ಕೇಳುತ್ತಾರೆ ಅಂದೆ. ಎಲ್ಲಾ ಕಡೆ ಕೇಳುತ್ತಾರೆ ಅಂದಿರಿ. 'ಇಲ್ಲೇ ಭಾಳ ಮಂದಿ ಜಾರತಾರ್ರಿ. ತಪ್ಪು ಹೇಳತಾರ, ಬೆನ್ನಿಗೇ ಒಂದು ನೆಪ ಹಚ್ಚತಾರ. ಏನು ಮಾಡಿದೆ, ಯಾರಿಗೆ ತ್ರಾಸಾತು, ಈಗ ಏನ್ ಮಾಡತೀನಿ. ಮೂರ ಮಾತು. ಮುಂದ ಬಾಯಿ ಮುಚ್ಚಬೇಕು.' ಆಮೇಲೆ ಚೇಷ್ಟೆಗೆ ನನ್ನನ್ನೇ ಕೇಳಿದಿರಿ, ನಿಮ್ಮ ತಪ್ಪು ಯಾವುದು ಹೇಳ್ರಿ ನೋಡೂಣು ಅಂತ. ಒಮ್ಮೊಮ್ಮೆ ನಂದಾದೀಪಕ್ಕೆ ಎಣ್ಣೆ ಹಾಕೋದು ಮರೆಯುತ್ತೇನೆ ಅಂದೆ. ಆಗ ನನ್ನ ಹತ್ತಿರ ಅದಕ್ಕಿಂತ ದೊಡ್ಡದು ಇರಲಿಲ್ಲ. ಅದಕ್ಕೆ ಇನ್ನೂ ಎರಡು ತಿಂಗಳಿತ್ತು.

ಸಂಕ್ರಾಂತಿ ಮುಗಿದ ವಾರ ರಾಮದುರ್ಗದಿಂದ ನಿಮಗೆ ಕರೆ ಬಂತು. ನೇಯುವ ಹೆಣ್ಣುಮಕ್ಕಳೇ ಕೂಡಿ ಕಟ್ಟಿದ ಸಂಘ, ಅದರ ಆಫೀಸು ನೋಡಿಕೊಳ್ಳಬೇಕು, ಆ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕು. ಕಾಯಂ ನೌಕರಿ. ಜೂನ-ಮಾರ್ಚಿಯ ಆಟ ಇಲ್ಲ. ನಿಮ್ಮ ಯಜಮಾನರು ಈರಣ್ಣ ಬೈಲಹೊಂಗಲದ ಮೋಟಾರು ರಿಪೇರಿ ಅಂಗಡಿ ಬಿಟ್ಟು ರಾಮದುರ್ಗದಲ್ಲೇ ಕೆಲಸ ಹುಡುಕುತ್ತೇನೆ ಅಂದರು. ನಿಮ್ಮ ಮಗನಿಗೆ ಸಾಲಿ ನೋಡಿ ಬಂದಿರಿ. ಎಲ್ಲಾ ಆಗಿತ್ತು. ನಿಮ್ಮ ಅತ್ತೆಯವರು ಒಂದೇ ಒಂದು ಮಾತು ಅಂದರು, ಬಸವಣ್ಣನ್ನ ಕೇಳದ ಊರು ಬಿಡಬ್ಯಾಡ್ರಿ ಅಂತ. ನೀವು ನಗುತ್ತಲೇ ಗುಡಿಗೆ ಬಂದು ಹೇಳಿದಿರಿ, ಸೋಮವಾರ ಮುಂಜಾನೆ ಹೂವು ಏರಿಸಿರಿ ಅಯ್ಯಾರ, ಅತ್ತೆಯವರ ಸಮಾಧಾನಕ್ಕೆ.

ಐತವಾರ ಸಂಜೆ ನಮ್ಮ ಮನೆಯಾಕೆ ಜೋಳ ಹಸನು ಮಾಡುತ್ತಾ ಕೂತಿದ್ದಳು. ತಲೆ ಎತ್ತದೆ ಅಂದಳು, 'ಅಕ್ಕೋರು ಹೋದ್ರ ಸವಿತಾನ ಗಣಿತ ಯಾರು ನೋಡತಾರ?' ಅಷ್ಟೇ. ಆಕೆ ಮತ್ತೇನೂ ಅನ್ನಲಿಲ್ಲ, ಆಕೆಯ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಸವಿತಾ ಹತ್ತನೇ ಇಯತ್ತೆ. ಪರೀಕ್ಷೆಗೆ ಹತ್ತು ವಾರ. ನಿಮ್ಮ ಕೈಗೆ ಬರುವವರೆಗೆ ಗಣಿತದಲ್ಲಿ ಆಕೆ ಪಾಸಾದದ್ದೇ ಇಲ್ಲ. ಊರಲ್ಲಿ ಬೇರೆ ಗಣಿತದವರಿಲ್ಲ. ನನಗೆ ಆ ಹುಡುಗಿಯೊಬ್ಬಳೇ — ನೋಡಿರಿ, ಹಿಂದಿನಿಂದ ನೆಪ ಹಚ್ಚಲು ಶುರುಮಾಡಿದೆ. ನಿಲ್ಲಿಸುತ್ತೇನೆ.

ಸೋಮವಾರ ನಸುಕಿನಲ್ಲಿ ಗಂಧ ತೇಯ್ದೆ. ದಿನಾ ತೇಯುವುದಕ್ಕಿಂತ ಗಟ್ಟಿಯಾಗಿ ತೇಯ್ದೆ. ಆಗಲೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಇದು ಹಣೆಗೆ ಹಚ್ಚಲು ಅಂತ. ನೀವು ಜಳಕ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು ಬಂದಿರಿ. ಅತ್ತೆಯವರು ಹಿಂದೆ. ಎರಡು ಬಿಳೀ ಸೇವಂತಿಗೆ. ನಿಮಗೆ ಬೆನ್ನು ಮಾಡಿ ನಿಂತು ಏರಿಸಿದೆ. ಬಲಗಡೆಯ ಹೂವನ್ನು ಹೆಬ್ಬೆರಳಿನಿಂದ ಒತ್ತಿದೆ, ಹಿಡಿಯಿತೋ ಇಲ್ಲವೋ ಅಂತ ಇನ್ನೊಮ್ಮೆ ಒತ್ತಿದೆ. ಹಿಂದಕ್ಕೆ ಸರಿದು ಕೈ ಮುಗಿದು ನಿಂತೆ. ನಮ್ಮಪ್ಪ ಹೇಳಿಕೊಟ್ಟ ಹಾಗೆಯೇ ನಿಂತೆ.

ನೀವು ಬಲಗಡೆಯ ಹೂವನ್ನೇ ನೋಡುತ್ತಿದ್ದಿರಿ. ಅದು ಬೀಳುತ್ತದೆ ಅನ್ನೋದರಲ್ಲಿ ನಿಮಗೆ ಅನುಮಾನವೇ ಇರಲಿಲ್ಲ, ತುಟಿಯ ಮೇಲೆ ನಗು ಆಗಲೇ ಬಂದು ನಿಂತಿತ್ತು. ಎಡಗಡೆಯದು ಬಿದ್ದಾಗ ನೀವು ಅದನ್ನು ನೋಡಲೇ ಇಲ್ಲ. ಅತ್ತೆಯವರು ಶಿವಾ ಅಂದ ಮೇಲೆ ಕೆಳಗೆ ನೋಡಿದಿರಿ. ಆಮೇಲೆ ನನ್ನ ಮುಖ ನೋಡಿದಿರಿ. ಆಗ ಹೇಳಬಹುದಿತ್ತು, ಇನ್ನೊಮ್ಮೆ ಏರಿಸುತ್ತೇನೆ, ಕೈ ತಪ್ಪಿತು ಅಂತ. ನಾನು ಏನಂದೆ ಗೊತ್ತೇನು? 'ಅಂವಾ ನೋಡೇ ಹೇಳಿರತಾನ್ರಿ ಅಕ್ಕೋರ' ಅಂದೆ. ಹೂವಿಗಿಂತ ಆ ಮಾತು ದೊಡ್ಡ ತಪ್ಪು. ಹೂವು ಅಂಟಿಸಿದ್ದು ಕೈ. ಈ ಮಾತನ್ನು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಆಡಿದ್ದೇನೆ.

ನೀವು ವಾದ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು ವಹಿ ತೆರೆದು, ರಾಮದುರ್ಗದ ಹಾಳೆಯ ಮೇಲೆ ಒಂದು ಗೆರೆ ಎಳೆದಿರಿ. 'ಇರ್ಲಿ ಬಿಡ್ರಿ ಅಯ್ಯಾರ, ಅಂವಗ ಏನರೆ ಕಂಡಿರಬೇಕು' ಅಂದು, ಹತ್ತು ಗಂಟೆಗೆ ಸಾಲಿಗೆ ಹೋದಿರಿ. ಅಂದು ನೀವು ಬೀಜಗಣಿತದ ಪಾಠ ಮಾಡಿದಿರಂತೆ. ಸವಿತಾ ಮನೆಗೆ ಬಂದು ಹೇಳಿದಳು, ಇವತ್ತು ಎಲ್ಲಾ ತಿಳೀತಪ್ಪಾ ಅಂತ.

ಸವಿತಾ ಗಣಿತದಲ್ಲಿ ಎಂಬತ್ತೊಂದು ತೆಗೆದಳು. ನೀವು ಮನೆತನಕ ಬಂದು ಆಕೆಗೆ ಪೇಢೆ ತಿನ್ನಿಸಿದಿರಿ. ಆ ಜೂನದಲ್ಲಿ ಕಾಯಂ ಗಣಿತ ಶಿಕ್ಷಕರೊಬ್ಬರು ವರ್ಗವಾಗಿ ನಮ್ಮೂರಿಗೆ ಬಂದರು. ನಿಮ್ಮನ್ನು ಹತ್ತನೇ ಸಲ ಯಾರೂ ಕರೆಯಲಿಲ್ಲ.

ಅಲ್ಲಿಂದ ಈಚೆಗಿನದು ನಿಮ್ಮ ಕಾಲುಗಳಿಗೆ ಗೊತ್ತು. ಕಿತ್ತೂರಿನ ಕಡೆ ಒಂದು ಖಾಸಗಿ ಸಾಲಿ, ಅದು ಎರಡನೇ ವರ್ಷ ಮುಚ್ಚಿತು. ಬೈಲಹೊಂಗಲದಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ನಿಂತಿರಿ, ನೀವು ಕಲಿಸಿದ ಹುಡುಗರೇ ಬಂದು ಅಕ್ಕೋರ ಎರಡು ಕಾಪಿ ಅನ್ನುತ್ತಿದ್ದರು. ಮನೆಯಲ್ಲಿ ಟ್ಯೂಶನ್. ಒಂದು ವಹಿ ತುಂಬಿ ಎರಡನೆಯದಾಗಿ, ಎರಡನೆಯದು ತುಂಬಿ ಮೂರನೆಯದು. ಐತವಾರ ಮಾತ್ರ ತಪ್ಪಿಸಲಿಲ್ಲ. ಎಷ್ಟೋ ಸಲ ಬೇರೆಯವರಿಗೆ ನೀವು ಹೇಳುವುದು ಕೇಳಿದ್ದೇನೆ, 'ರಾಮದುರ್ಗಕ್ಕ ಹೋಗಬ್ಯಾಡ ಅಂತ ದೇವರ ಹೇಳ್ಯಾನ, ಮುಂದ ಏನೋ ಇಟ್ಟಿರಬೇಕು.' ಕೆಲಸ ಸಿಗದ ದಿನಗಳಲ್ಲಿ ಅದನ್ನು ಹಿಡಿದುಕೊಂಡು ನೀವು ಮತ್ತೆ ಅರ್ಜಿ ತುಂಬುತ್ತಿದ್ದಿರಿ. ನಾನು ಒಳಗೆ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದೆ. ಈ ಕಾಗದ ನಿಮ್ಮಿಂದ ಆ ಆಧಾರವನ್ನೂ ಕಿತ್ತುಕೊಳ್ಳುತ್ತದೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಒಮ್ಮೆ ನೆಂಟರ ಮದುವೆಗೆ ರಾಮದುರ್ಗಕ್ಕೆ ಹೋಗಿದ್ದೆ. ಹೋಗಬಾರದು ಅಂದುಕೊಂಡರೂ ಕಾಲು ಆ ಸಂಘದ ಕಡೆಗೇ ಹೋದವು. ಈಗ ಎರಡು ಅಂತಸ್ತು ಆಗಿದೆ. ಕಿಟಕಿಯ ಹತ್ತಿರ ಟೇಬಲ್ಲು, ಒಬ್ಬ ಹೆಣ್ಣುಮಗಳು ಕುರ್ಚಿಯಲ್ಲಿ ಕೂತು ಇನ್ನೊಬ್ಬಾಕೆಗೆ ಏನೋ ಕಲಿಸುತ್ತಿದ್ದಳು. ಏನು ಬೇಕ್ರಿ ಅಜ್ಜಾರ ಅಂತ ಹೊರಗೆ ಬಂದು ಕೇಳಿದಳು, ಒಳ್ಳೆಯ ಮಾತಿನವಳು. ಕುಡಿಯಲು ನೀರು ಬೇಕಿತ್ತು ಅಂದೆ. ಕುಡಿದು ಬಂದೆ. ಆವತ್ತಿನಿಂದ ನಾನು ಯಾರಿಗೂ ಹೂವು ಏರಿಸಿಲ್ಲ. ಕೈ ನಡುಗುತ್ತದೆ ಅಂತ ಸುಳ್ಳು ಹೇಳಿ ನನ್ನ ತಮ್ಮನ ಕೈಗೆ ಬಿಟ್ಟಿದ್ದೇನೆ.

ಮೊನ್ನೆ ಐತವಾರ ನೀವು ಬಂದಿರಿ. ಸವದತ್ತಿಯಲ್ಲಿ ಬೀಜ ಪರೀಕ್ಷೆ ಮಾಡುವ ಪ್ರಯೋಗಾಲಯದಿಂದ ಕರೆ ಬಂದಿದೆ. ಬಿ.ಎಸ್ಸಿ. ಓದಿದ್ದು ಈಗ ಉಪಯೋಗಕ್ಕೆ ಬಂತು ಅಂದಿರಿ. ಆದರೆ ನಲವತ್ತೆರಡನೇ ವಯಸ್ಸಿನಲ್ಲಿ ಹುಡುಗಿಯರ ಜೋಡಿ ಕೂತು ಮೊದಲಿನಿಂದ ಕಲಿಯಬೇಕು, ಆರು ತಿಂಗಳು ಉಮೇದುವಾರಿಕೆ, ಆಮೇಲೂ ಇಟ್ಟುಕೊಳ್ಳುತ್ತಾರೆ ಅಂತ ಖಾತ್ರಿ ಇಲ್ಲ. ಟ್ಯೂಶನ್ ಈಗಷ್ಟೇ ಕುದುರಿದೆ. ವಹಿಯಲ್ಲಿ ಎರಡೂ ಕಡೆ ಬರೆದಿದ್ದಿರಿ, ಎರಡೂ ಕಡೆ ಸಮ. ಆಮೇಲೆ ಅಂದಿರಿ, 'ನಾಳೆ ಬಿಟ್ಟು ಮುಂದಿನ ಸೋಮವಾರ ಹೂವು ಏರಸ್ರಿ ಅಯ್ಯಾರ. ನಿಮ್ಮ ತಮ್ಮಾರು ಬ್ಯಾಡ. ನಿಮ್ಮ ಕೈಲೇ ಆಗಬೇಕು, ನಿಮ್ಮ ಕೈಯಾಗ ಖರೇ ಬರತೈತಿ.'

ಅದನ್ನು ಕೇಳಿ ನಾನು ಚಾ ತರಲು ಎದ್ದು ಹೋದೆ.

ಮರಳಿ ಬಂದಾಗ ನೀವು ಹಳೇ ವಹಿ ತೆಗೆದು ಹೋಲಿಸಿ ನೋಡುತ್ತಿದ್ದಿರಿ, ರಾಮದುರ್ಗದ ಸಲ ಹೇಗೆ ಬರೆದಿದ್ದೆ ಅಂತ. ಆ ಗೆರೆ ಎಳೆದ ಹಾಳೆ. ನೀವು ಫೋನು ಬಂತೆಂದು ಬೇವಿನ ಆ ಕಡೆಗೆ ಹೋದಿರಿ, ಹಾಳೆ ನನ್ನ ಮುಂದೆ ಬಿಚ್ಚಿಯೇ ಇತ್ತು. ಗೆರೆಯ ಕೆಳಗೆ ಓದಲು ಬರುತ್ತಿತ್ತು. 'ಹೋದರೆ ಇಲ್ಲಿ ಬಾಕಿ ಉಳಿಯುವುದು' ಅಂತ ಬರೆದು, ಅದರ ಕೆಳಗೆ — 'ಹತ್ತನೇ ಇಯತ್ತೆಯ ಮಕ್ಕಳು. ಪರೀಕ್ಷೆ ಮುಗಿಯುವವರೆಗೆ ಪ್ರತಿ ಐತವಾರ ಬಂದು ಗುಡಿಯ ಕಟ್ಟೆಯ ಮೇಲೆ ಪಾಠ. ಅಯ್ಯಾರನ್ನು ಕೇಳಬೇಕು. ಸವಿತಾಗೆ ಮೊದಲಿನಿಂದ ಹೇಳಬೇಕು, ಆಕೆಗೆ ಅಂಜಿಕೆ ಬಹಳ.'

ಅಕ್ಕೋರೇ, ನೀವು ಬರುವವರಿದ್ದಿರಿ. ನಾನು ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ — ಕೇಳುವುದೂ ಬೇಕಿರಲಿಲ್ಲ, ಸುಮ್ಮನಿದ್ದಿದ್ದರೆ ಸಾಕಿತ್ತು. ರಾಮದುರ್ಗವೂ ನಿಮ್ಮದಾಗುತ್ತಿತ್ತು, ಸವಿತಾಳ ಎಂಬತ್ತೊಂದೂ ಬರುತ್ತಿತ್ತು. ಇಷ್ಟು ವರ್ಷ ಒಳಗೊಳಗೇ ಒಂದು ಸಮಾಧಾನ ಇಟ್ಟುಕೊಂಡಿದ್ದೆ, ತಪ್ಪು ಮಾಡಿದೆ, ಆದರೆ ಮಗಳು ದಾಟಿದಳು ಅಂತ. ಆ ಹಾಳೆ ಓದಿದ ಮೇಲೆ ಅದೂ ಉಳಿಯಲಿಲ್ಲ. ನನ್ನ ತಪ್ಪಿನಿಂದ ಯಾರಿಗೂ ಏನೂ ಸಿಕ್ಕಿಲ್ಲ.

ಇನ್ನೊಂದು ಮಾತು ಮುಚ್ಚಿಡುವುದಿಲ್ಲ. ಈ ವಾರ ಮೂರು ದಿನ ನಾನು ಬೇರೆಯೇ ಹಂಚಿಕೆ ಹಾಕಿದೆ. ಈ ಸಲ ಎಡಗಡೆಗೆ ಗಂಧ ಹಚ್ಚಿಬಿಡೋಣ, ಬಲಗಡೆಯದು ಬೀಳಲಿ, ಅಕ್ಕೋರು ಸವದತ್ತಿಗೆ ಹೋಗಲಿ, ಅಂದಿನದು ಇಂದಿಗೆ ತೀರಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಗಂಧದ ಕೊರಡು ಕೈಗೆ ತೆಗೆದುಕೊಂಡೂ ಇದ್ದೆ. ಆಗ ಅನ್ನಿಸಿತು, ಸವದತ್ತಿ ನಿಮಗೆ ಒಳ್ಳೆಯದೋ ಕೆಟ್ಟದ್ದೋ ನನಗೇನು ಗೊತ್ತು? ಅಂದು ನನ್ನ ಮಗಳಿಗಾಗಿ ನಿಮ್ಮ ಬದುಕು ತಿರುವಿದೆ, ಇಂದು ನನ್ನ ಮನಸ್ಸಿನ ಹಗುರಕ್ಕೆ ತಿರುವಲು ಹೊರಟಿದ್ದೆ. ಕೊರಡು ಕೆಳಗಿಟ್ಟೆ.

ನಿನ್ನೆ ಸವಿತಾಗೆ ಫೋನು ಮಾಡಿ ಎಲ್ಲಾ ಹೇಳಿದೆ. ಧಾರವಾಡದಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ, ನಿಮಗೆ ಗೊತ್ತು, ಮೊದಲ ಪಗಾರಿನಲ್ಲಿ ತಾಯಿಗಿಂತ ಮೊದಲು ನಿಮಗೆ ಸೀರೆ ತಂದವಳು. ಎಲ್ಲಾ ಕೇಳಿಸಿಕೊಂಡು ಅಂದಳು, 'ಮೊದಲ ಅಕ್ಕೋರಿಗೆ ಹೇಳಪ್ಪಾ. ಅಲ್ಲೀತನಾ ನನ್ನ ಜೋಡಿ ಮಾತಾಡಬ್ಯಾಡ.' ಅತ್ತಳೋ ಏನೋ, ತಿಳಿಯಲಿಲ್ಲ.

ನಾಳೆ ಐತವಾರ. ನೀವು ಕಟ್ಟೆಗೆ ಬಂದಾಗ ಈ ಹಾಳೆಗಳನ್ನು ನಿಮ್ಮ ಕೈಯಲ್ಲಿ ಕೊಡುತ್ತೇನೆ, ಬೇರೆಯವರ ಕೈಲಿ ಕಳಿಸುವುದಿಲ್ಲ. ನೀವು ಓದುವಷ್ಟು ಹೊತ್ತು ಎದುರಿಗೆ ಕೂತಿರುತ್ತೇನೆ. ಚಾ ತರಲು ಏಳುವುದಿಲ್ಲ. ನೀವು ಏನಂದರೂ ಕೇಳುತ್ತೇನೆ, ಏನೂ ಅನ್ನದೆ ಎದ್ದು ಹೋದರೆ ಅದನ್ನೂ. ಈರಣ್ಣನವರಿಗೆ, ನಿಮ್ಮ ಅತ್ತೆಯವರಿಗೆ, ಊರ ಹಿರಿಯರಿಗೆ ನಾನೇ ಹೋಗಿ ಹೇಳುತ್ತೇನೆ. ಗುಡಿಯ ಕೀಲಿ ಕೊಡು ಅಂದರೆ ಕೊಡುತ್ತೇನೆ.

ಸವದತ್ತಿಗೆ ಹೋಗಿರಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಇಲ್ಲ. ಒಮ್ಮೆ ನಿಮ್ಮ ಪರವಾಗಿ ಹೇಳಿದ್ದು ಸಾಕು.

ನಿಮ್ಮ ವಹಿಯ ಆ ಪ್ರಶ್ನೆಗೆ ಅಂದು ಎಣ್ಣೆಯ ಮಾತು ಹೇಳಿ ನಗಿಸಿದ್ದೆ. ಉತ್ತರ ಈಗ ಬರೆಯುತ್ತೇನೆ, ನೀವು ಕಲಿಸಿದ ಹಾಗೆ. ನಿಮ್ಮ ಹೂವಿಗೆ ಗಂಧ ಹಚ್ಚಿದೆ. ಆರು ವರ್ಷ ನೀವು ತ್ರಾಸುಪಟ್ಟಿರಿ. ಸೋಮವಾರ ಮುಂಜಾನೆ ನಾನು ಹೂವು ಏರಿಸುವುದಿಲ್ಲ.